ನಿರ್ವಾಹಕರನ್ನು ಸಂಪರ್ಕಿಸಿ

ಗೋಣಿಕೊಪ್ಪದಲ್ಲಿ, ಪೈಪು ಮೊಳೆ ಮಾರುವ ಅಂಗಡಿಯ ಮೇಲೆ
ನಮ್ಮದೊಂದು ಕೋಣೆ. ಎರಡು ಮಾನಿಟರು, ಗುಂಯ್ಗುಡುವ ಯುಪಿಎಸ್ಸು,
ಮತ್ತು ನಾನು ಬರೆದ ನೂರ ಹದಿನಾಲ್ಕು ತಪ್ಪುಗಳು.
ತಪ್ಪುಗಳೆಂದರೆ, ತಪ್ಪಾದಾಗ ಪರದೆ ಆಡಬೇಕಾದ ಮಾತುಗಳು.
ಒಂದೇ ಸಂಜೆ ಕೂತು ಮುಗಿಸಿದ್ದೆ, ಊಟಕ್ಕೆ ತಡವಾಗಿತ್ತು:
ಅಮಾನ್ಯ. ಅಗತ್ಯ. ವಿಫಲ. ಮತ್ತೆ ಪ್ರಯತ್ನಿಸಿ.
ಏನೂ ಹೊಳೆಯದ ಕಡೆಗೆಲ್ಲ
ನಿರ್ವಾಹಕರನ್ನು ಸಂಪರ್ಕಿಸಿ.

ತಿತಿಮತಿಯ ಜೇನು ಸಂಘಕ್ಕೆಂದು ಮಾಡಿದ್ದು ಅದು.
ತೂಕ ಹಾಕು, ಹೆಸರು ಹಾಕು, ಗುಂಡಿ ಒತ್ತು, ದುಡ್ಡು ಬ್ಯಾಂಕಿಗೆ.
ಹೆಸರಿಗೆ ಎರಡು ಚೌಕ ಕೊಟ್ಟಿದ್ದೆ.
ಒಂದರಲ್ಲಿ ಹೆಸರು, ಇನ್ನೊಂದರಲ್ಲಿ ಮನೆಹೆಸರು.
ನಮ್ಮಲ್ಲಿ ಮಗು ಅಳುವ ಮೊದಲೇ ಮನೆಹೆಸರು ಅಂಟಿಕೊಂಡಿರುತ್ತದೆ;
ಅದಿಲ್ಲದ ಮನುಷ್ಯರು
ನನ್ನ ತಲೆಗೆ ಬಂದೇ ಇರಲಿಲ್ಲ.

ಬೊಮ್ಮಿಗೆ ಇದ್ದದ್ದು ಒಂದೇ.
ಆಧಾರಿನಲ್ಲಿ ಬೊಮ್ಮಿ, ರೇಷನ್ ಕಾರ್ಡಿನಲ್ಲಿ ಬೊಮ್ಮಿ.
ಹಾಡಿಯಲ್ಲಿ ಕೂಗಿದರೆ ಮೂವರು ಓ ಅನ್ನುತ್ತಾರಂತೆ,
ಯಾವ ಬೊಮ್ಮಿ ಬೇಕಿತ್ತೆಂದು ಕೂಗಿದ ದನಿಯಲ್ಲೇ ತಿಳಿಯುತ್ತದಂತೆ.

ಆ ದಿನ ಎಂಟು ಕಿಲೋ ಇನ್ನೂರು. ತುಡುವೆ ಜೇನು.
ಕೌಂಟರಿನ ಹುಡುಗ ಊಟಕ್ಕೆ ಹೋಗಿದ್ದ.
ಐದನೇ ಕ್ಲಾಸಿನ ಮೊಮ್ಮಗಳು ಪರದೆಗೆ ಬೆರಳಿಟ್ಟು
ಕೆಂಪಕ್ಷರ ಕೂಡಿಸಿ ಓದಿದಳು, ಶಾಲೆಯ ರಾಗದಲ್ಲಿ:
ಹೆಸರು ಅ-ಮಾ-ನ್ಯ.
ಹಂಗಂದ್ರೆ? ಅಂದಳು ಅಜ್ಜಿ.
ನಿನ್ ಹೆಸರು ಒಪ್ಪಲ್ವಂತೆ.
ಯಾರು?
ಅದನ್ನು ನಾನು ಬರೆದಿರಲಿಲ್ಲ.

ಕೆಳಗಿನ ಸಾಲೊಂದೇ ದಾರಿ ತೋರುವಂತಿತ್ತು.
ನಿರ್ವಾಹಕರು. ಆ ಪದ ಹುಡುಗಿಗೆ ಗೊತ್ತು,
ಶಾಲೆಗೆ ಹೋಗುವಾಗ ದಿನಾ ಓದುತ್ತಾಳೆ,
ಕೆಂಪು ಬಸ್ಸಿನೊಳಗೆ, ಬಾಗಿಲ ಪಕ್ಕದ ಸೀಟಿನ ಮೇಲೆ.
ಇಬ್ಬರೂ ಹೋಗಿ ರಸ್ತೆಯಲ್ಲಿ ನಿಂತರು.
ಮೂರೂಕಾಲಿನ ಬಸ್ಸು ಬಂತು. ಹತ್ತಲಿಲ್ಲ.
ಕ್ಯಾನು ಎತ್ತಿ ತೋರಿಸಿ ಕೇಳಿದಳು ಬೊಮ್ಮಿ:
ನನ್ ಹೆಸರು ಯಾಕಾಗಲ್ಲ ಅಂತೀರಿ?

ಕಂಡಕ್ಟರ್ ಮೊಯ್ದುವಿಗೆ ಹದಿನೆಂಟು ವರ್ಷ ಸರ್ವೀಸು.
ಚಿಲ್ಲರೆ ಕೇಳಿದವರುಂಟು, ಮುಂದೆ ಆನೆ ದಾಟಿತಾ ಎಂದು ಕೇಳಿದವರುಂಟು,
ಇದು ಹೊಸದು.
ಆತ ನಗಲಿಲ್ಲ. ಸೀಟಿ ಊದಲೂ ಇಲ್ಲ.
ಸಂಘದ ಬೋರ್ಡು ನೋಡಿ ಫೋನು ಹಚ್ಚಿದ,
ಸಂಘದವರು ನನ್ನ ನಂಬರು ಕೊಟ್ಟರು.
ಡ್ರೈವರು ಹಾರ್ನು ಒತ್ತುತ್ತಿದ್ದುದು ಗೋಣಿಕೊಪ್ಪಕ್ಕೂ ಕೇಳಿತು.
ಮೇಡಂ, ನೀವೇನಾ ಬರೆದದ್ದು?
ಇಲ್ಲೊಬ್ಬರು ಅಮ್ಮ ಇದ್ದಾರೆ. ಬೊಮ್ಮಿ ಅಂತ.
ಹೆಸರು ಸರಿಯಾಗೇ ಉಂಟಲ್ಲ.

ಅವತ್ತು ರಾತ್ರಿ ಲಾಗು ತೆಗೆದರೆ ಅಲ್ಲಿ ಏನೂ ಇಲ್ಲ.
ಜೊತೆಗಾರ ನಾಣಯ್ಯ, ತಪ್ಪು ಬಂದರೆ ಹಿಡಿದು
ನುಂಗಿ ಸುಮ್ಮನಾಗು ಎಂದು ಬರೆದಿದ್ದ.
ಎಷ್ಟು ಜನ ಬರಿಗೈಯಲ್ಲಿ ಹೋದರೋ ಗುರುತಿಲ್ಲ.
ಇದ್ದದ್ದು ಮನೆಹೆಸರಿನ ಕಾಲಮ್ಮಿನಲ್ಲಿ
ಅರವತ್ತೊಂದು ಚುಕ್ಕಿ.
ಕೌಂಟರಿನ ಹುಡುಗ ಕಂಡುಕೊಂಡ ಉಪಾಯ ಅದು,
ಒಂದು ಚುಕ್ಕಿ ಇಟ್ಟರೆ ಕೆಂಪು ಹೋಗುತ್ತದೆ.
ಅರವತ್ತೊಂದು ಜನ, ಒಂದೇ ಮನೆತನ:
ಚುಕ್ಕಿಯವರು.

ಎರಡನೇ ಚೌಕ ಖಾಲಿ ಬಿಡಲು ಒಂದು ಪದ ಅಳಿಸಿದರೆ ಸಾಕಾಯಿತು.
ಮಾತುಗಳಿಗೆ ಮೂರು ವಾರ ಹಿಡಿಯಿತು.
ಹೆಸರು ಬ್ಯಾಂಕಿಗೆ ತಾಳೆಯಾಗದಿದ್ದರೆ ಈಗ ಹೀಗೆ:
ನಿಮ್ಮ ಜೇನು ತೂಕವಾಗಿದೆ, ಎಂಟು ಕಿಲೋ ಇನ್ನೂರು.
ಹೆಸರು ಹೊಂದಿಸಲು ನಮಗೆ ಬರಲಿಲ್ಲ, ಅದು ನಮ್ಮ ಕೆಲಸ.
ಈ ಚೀಟಿ ಇಟ್ಟುಕೊಳ್ಳಿ, ಮಂಗಳವಾರ ಬನ್ನಿ.
ಇಷ್ಟುದ್ದ ಯಾರು ಓದುತ್ತಾರೆ, ಅಂದ ನಾಣಯ್ಯ.
ಐದನೇ ಕ್ಲಾಸಿನವರು, ಅಂದೆ.

ಚುಕ್ಕಿಗಳನ್ನು ಇನ್ನೂ ಅಳಿಸಿಲ್ಲ.
ತಪ್ಪುಕಾಣಿಕೆ ಅಂತೇನಲ್ಲ. ಮೊದಲು ಬ್ಯಾಕಪ್ ಆಗಬೇಕು,
ಆಮೇಲೆ ಅರವತ್ತೊಂದು ಮನೆಗೂ ಹೋಗಿ ಕೇಳಬೇಕು.

ಮೊನ್ನೆ ಬಸ್ಸಿನಲ್ಲಿ ಮೊಯ್ದು ಸಿಕ್ಕಿದ.
ಮಿಷನ್ನಿನಿಂದ ಟಿಕೆಟು ಹರಿದು ಕೊಡುತ್ತ
ಸ್ವಲ್ಪ ಬೇಜಾರಲ್ಲೇ ಹೇಳಿದ:
ಈಗ ಯಾರೂ ನನ್ನ ಕೇಳೋದಿಲ್ಲ ಮೇಡಂ.